ಬೇಗಡೆಯ ಕಿರೀಟ

ಅನ್ನದ ಪಾತ್ರೆಯನ್ನು ಕವುಚಿ ಹಾಕಿ, ಅದರ ಮೇಲೆ ದೂಜ ಹಳೆಯ ಪೇಪರಿನ ತುಂಡುಗಳನ್ನು ಒಂದೊಂದಾಗಿ ಅಂಟಿಸುತ್ತಿದ್ದ. ಮೈದಾದ ಅಂಟು ಹೋಟೆಲಿನಿಂದ ಬಂದದ್ದು, ಪಾತ್ರೆ ಮನೆಯದು. ಹಾಗಾಗಿ ಅವನ ಹೆಂಡತಿ ಅಕ್ಕು ಅನ್ನವನ್ನು ಹಾಲಿನ ಪಾತ್ರೆಯಲ್ಲಿ ಬೇಯಿಸಿ, ಹಾಲನ್ನು ಚೆಂಬಿಗೆ ಹೊಯ್ದು, ಚೆಂಬಿನಲ್ಲಿದ್ದ ನೀರನ್ನು ಗಂಡನ ತಲೆಯ ಮೇಲೆ ಹೊಯ್ಯುವುದೋ ಬೇಡವೋ ಎಂದು ಯೋಚಿಸುತ್ತಿದ್ದಳು.

"ಪಾತ್ರ ಮಗನದ್ದು, ಪಾತ್ರೆ ನನ್ನದು," ಎಂದಳು. "ನಾಳೆಗಾದರೂ ಸಿಗ್ತದಾ?"

"ಒಣಗಬೇಕಲ್ಲ ಮಾರಾಯ್ತಿ! ಅವಸರ ಮಾಡಿದರೆ ಕಿರೀಟ ಹೋಗಿ ಹಪ್ಪಳ ಆಗ್ತದೆ."

ಮಗ ರಮಾನಾಥ ಕೇಳಿದ್ದು ಇಷ್ಟೇ: ಬಾಂದ್ರಾದ ಕಾಲೇಜಿನ ವಾರ್ಷಿಕ ಗ್ಯಾದರಿಂಗಿನಲ್ಲಿ ತನಗೆ ರಾಜನ ವೇಷ, ತಲೆಗೊಂದು ಕಾಗದದ ಟೋಪಿ ಬೇಕು, ಸ್ವಲ್ಪ ಬೇಗಡೆ ಎಲ್ಲಿಯಾದರೂ ಸಿಗಬಹುದಾ? ಹೊಳೆಯುವ ಕಾಗದ ತಂದು ರಟ್ಟಿಗೆ ಸುತ್ತಿದ್ದರೆ ಕೆಲಸ ಮುಗಿಯುತ್ತಿತ್ತು. ಆದರೆ ದೂಜನ ಕಿವಿಗೆ ಬಿದ್ದದ್ದು ರಾಜನ ವೇಷ ಎಂಬ ಮಾತು ಮಾತ್ರ.

ದೂಜ ವಿಲೆ ಪಾರ್ಲೆ ಸ್ಟೇಷನ್ನಿನ ಎದುರಿನ ಹೋಟೆಲಿನಲ್ಲಿ ದುಡ್ಡಿನ ಗಲ್ಲೆಯ ಪಕ್ಕ ನಿಂತು ಗಿರಾಕಿಗಳನ್ನು ಕರೆದು ಕೂರಿಸುವವ. ವರ್ಷಕ್ಕೊಮ್ಮೆ ಮಾಟುಂಗದಲ್ಲಿ ಹೋಟೆಲ್ ಕೆಲಸದವರೆಲ್ಲ ಸೇರಿ ಯಕ್ಷಗಾನ ಆಡುತ್ತಿದ್ದರು. ಅಲ್ಲಿ ದೂಜನಿಗೆ ಕಾಯಂ ಆಗಿ ದೂತನ ವೇಷ. ಓಡಿ ಬಂದು ಕೈ ಮುಗಿದು, "ಶತ್ರುಗಳು ಬಂದರು ಪ್ರಭೂ" ಎಂದು ಹೇಳಿ ಓಡಿ ಹೋಗುವುದು. ತಲೆಗೆ ಒಂದು ಕೆಂಪು ಮುಂಡಾಸು. ದೂಜನಿಗೂ ದೂತನಿಗೂ ಒಂದೇ ಅಕ್ಷರದ ಅಂತರ; ದೂಜನಿಗೂ ರಾಜನಿಗೂ ಇಡೀ ರಂಗಸ್ಥಳದ ಅಂತರ. ಈಗ ಆ ಕಿರೀಟ ಮನೆ ಹುಡುಕಿಕೊಂಡು ಬಂದಿತ್ತು. ತನ್ನ ತಲೆಗಲ್ಲದಿದ್ದರೆ ಮಗನ ತಲೆಗೆ.

"ಟೋಪಿ ಅಂತ ಹೇಳಬೇಡ," ಎಂದು ಮಗನಿಗೆ ತಿದ್ದಿದ. "ಟೋಪಿ ಹಾಕುವುದು ಬೇರೆ, ಕಿರೀಟ ಇಡುವುದು ಬೇರೆ."

ಒಳಗಡೆ ಕನ್ನಡ ಪೇಪರು, ನಡುವೆ ಮರಾಠಿ ಪೇಪರು, ಹೊರಗೆ ಇಂಗ್ಲಿಷ್ ಪೇಪರು. ಇಂಗ್ಲಿಷಿನದ್ದು ಗಟ್ಟಿ ಎಂದು ದೂಜನ ಅನುಭವ. ಭಾಷೆಯ ಹೆಸರಿನಲ್ಲಿ ರಾಜ್ಯಗಳು ಬೇರೆಬೇರೆಯಾಗುತ್ತಿದ್ದ ಆ ವರ್ಷದಲ್ಲಿ, ದೂಜನ ಪಾತ್ರೆಯ ಮೇಲೆ ಮೂರು ಭಾಷೆಗಳು ತಕರಾರಿಲ್ಲದೆ ಒಂದಕ್ಕೊಂದು ಅಂಟಿಕೊಂಡವು. ಬೇಗಡೆ ಸಾಲದಾಯಿತು. ಆಗ ಐತ ನೆರವಿಗೆ ಬಂದ. ಐತ ದೂಜನ ಊರಿನವ, ಹೆಚ್ಚುಕಡಿಮೆ ಅವನದೇ ವಯಸ್ಸಿನವ, ಅದೇ ಹೋಟೆಲಿನಲ್ಲಿ ತಿಂಡಿ ತಂದುಕೊಡುವವ. ಮಾತು ಬಹಳ ಕಡಿಮೆ. ಗಿರಾಕಿಗಳು ಮೇಜಿನ ಮೇಲೆ ಬಿಟ್ಟುಹೋದ ಸಿಗರೇಟಿನ ಪೊಟ್ಟಣಗಳಿಂದ ಬೆಳ್ಳಿ ಕಾಗದ ಬಿಡಿಸಿ, ಹೆಬ್ಬೆರಳಿನ ಉಗುರಿನಿಂದ ಒಂದು ಸುಕ್ಕೂ ಉಳಿಯದಂತೆ ತೀಡಿ, ಶರ್ಟಿನ ಕಿಸೆಯಲ್ಲಿಟ್ಟು ತರುತ್ತಿದ್ದ.

"ತಮ್ಮನ ಕಿರೀಟಕ್ಕೆ," ಎಂದು ಕೊಟ್ಟು ಹೋಗುತ್ತಿದ್ದ. ರಮಾನಾಥ ಅವನಿಗೆ ಯಾವಾಗಲೂ ತಮ್ಮ.

ಅವರಿದ್ದ ಚಾಳಿನ ಗ್ಯಾಲರಿಯಲ್ಲಿ ಕಿರೀಟ ಒಣಗಲು ಕೂತಿತು. ಹೋಗುವವರು ಬರುವವರು ಕೇಳಿದರೆ ದೂಜ ಮಗನ ರಾಜವೇಷದ ಸುದ್ದಿ ಹೇಳಿದ. ಕೇಳದವರನ್ನು ನಿಲ್ಲಿಸಿಯೂ ಹೇಳಿದ. ರಮಾನಾಥನಿಗೆ ಮಾತ್ರ ಆ ಕಿರೀಟ ದಿನದಿಂದ ದಿನಕ್ಕೆ ಭಾರವಾಗುತ್ತಿತ್ತು.

ಏಕೆಂದರೆ ಅವನು ಮಾಡಲಿದ್ದದ್ದು ಯಕ್ಷಗಾನವಲ್ಲ. ಕಾಲೇಜಿನಲ್ಲಿ ಅವನನ್ನು ಗೆಳೆಯರು ಕರೆಯುತ್ತಿದ್ದುದು ರಮಾನಟ ಎಂದು. ನಕಲು ಮಾಡುವುದರಲ್ಲಿ ಅವನು ಅಸಲು. ಪ್ರಿನ್ಸಿಪಾಲರ ಸೀನು, ಲೈಬ್ರರಿಯನ್ನನ ಗೊಣಗು, ಟಿಕೆಟ್ ಚೆಕರನ ಮೂಗು, ಎಲ್ಲವೂ ಅವನ ಗಂಟಲಿನಲ್ಲಿದ್ದವು. ಈ ಸಲದ ಹೊಸ ಐಟಮ್ಮಿಗೆ ಹೆಸರು 'ಹೋಟೆಲ್ ಮಹಾರಾಜ'. ಒಬ್ಬ ರಾಜ, ದಂಡೆತ್ತಿ ಬಂದ ಶತ್ರುಗಳನ್ನು ಹೋಟೆಲಿನ ಗಿರಾಕಿಗಳಂತೆ ಕರೆದು ಕೂರಿಸುತ್ತಾನೆ. ಆ ರಾಜನ ಕನ್ನಡ ಬೆರೆತ ಹಿಂದಿ, ಕೆಮ್ಮಿ ಗಂಟಲು ಕೆರೆಯುವ ರೀತಿ, ಮಾತಿಗೆ ಮೊದಲು ಗಲ್ಲೆಗೆ ಎರಡು ಸಲ ಬಡಿಯುವ ಬೆರಳು ಎಲ್ಲ ಅಪ್ಪನದ್ದು.

ಗ್ಯಾಲರಿಯ ಮೂಲೆಯಲ್ಲಿ ಅವನು ಅಭ್ಯಾಸ ಮಾಡುತ್ತಿದ್ದಾಗ ತಂಗಿ ವಸಂತಿ ಹಿಂದಿನಿಂದ ಬಂದು ನಿಂತಳು.

"ಅಪ್ಪ ಅಲ್ಲವಾ ಅದು?"

"ಯಾರೂ ಅಲ್ಲ. ಒಟ್ಟು ಯಾರೋ ಒಬ್ಬ ಹೋಟೆಲಿನವ."

"ಒಟ್ಟು ಒಬ್ಬ ಹೋಟೆಲಿನವ 'ಮಾಲೂಮ್ ಉಂಟಾ' ಅಂತ ಹೇಳ್ತಾನಾ?" ಅವಳು ನಗಲಿಲ್ಲ. "ಅಪ್ಪ ಆ ಟೋಪಿಗೆ ರಾತ್ರಿ ಬಟ್ಟೆ ಹೊದಿಸ್ತಾರೆ ಅಣ್ಣ. ಚಳಿ ಆಗ್ತದೆ ಅಂತ ಹೇಳುವ ಹಾಗೆ."

"ಅಪ್ಪ ಅಲ್ಲಿಗೆ ಬಂದರೆ ಅಲ್ಲವಾ ತೊಂದರೆ? ಭಾನುವಾರ ಹೋಟೆಲು ರಶ್."

ಆದರೆ ದೂಜನಿಗೆ ಒಂದು ನಿಯಮವಿತ್ತು. ಕಿರೀಟವನ್ನು ತನ್ನ ತಲೆಗೆ ತಾನೇ ಕಟ್ಟಿಕೊಳ್ಳುವುದಲ್ಲ; ತಿಳಿದವರು ಕಟ್ಟಬೇಕು, ಕಟ್ಟಿಸಿಕೊಂಡವ ಕಟ್ಟಿದವರ ಕಾಲು ಮುಟ್ಟಬೇಕು. ಊರಿನಲ್ಲಿ ಅವನಿಗೆ ಹೆಜ್ಜೆ ಕಲಿಸಿದವರು ಹೇಳಿಕೊಟ್ಟದ್ದು ಅದು.

"ತಿರುಮಲೇಶ ಕಟ್ಟುತ್ತಾನೆ ಅಪ್ಪ. ನನ್ನ ಕ್ಲಾಸಿನವ."

"ಮೈಸೂರಿನ ಹುಡುಗನಾ? ಅವನಿಗೆ ಪೇಟ ಗೊತ್ತಿರಬಹುದು, ಇದು ಎಂತ ಗೊತ್ತುಂಟು? ನಾನೇ ಬರ್ತೇನೆ. ಹೋಟೆಲಿನ ಸೇಟಿನ ಹತ್ತಿರ ರಜೆ ಕೇಳಿ ಆಗಿದೆ. ಐತನೂ ಬರ್ತಾನೆ, ಬೆಳ್ಳಿ ಕಾಗದ ಅವನದ್ದಲ್ಲವಾ!"

ಇಲ್ಲ, ಬೇಡ, ನಾನು ಮಾಡುವುದು ಅದಲ್ಲ. ಈ ಮೂರು ಮಾತುಗಳಲ್ಲಿ ಒಂದನ್ನಾದರೂ ಹೇಳಲು ಭಾನುವಾರದವರೆಗೆ ಸಮಯವಿತ್ತು. ಊರಿನವರ ದನಿಯೆಲ್ಲ ಹೊರಡುವ ಆ ಗಂಟಲಿನಿಂದ ಅವನದೇ ದನಿ ಹೊರಡಲಿಲ್ಲ.

ಭಾನುವಾರ ಸಂಜೆ ಕಾಲೇಜಿನ ಹಾಲಿನ ಹಿಂದೆ, ಮುರಿದ ಬೆಂಚುಗಳ ನಡುವೆ, ದೂಜ ಇಸ್ತ್ರಿ ಮಾಡಿದ ಕೋಟು ಹಾಕಿಕೊಂಡು ನಿಂತಿದ್ದ. ಕಿರೀಟವನ್ನು ಎರಡೂ ಕಣ್ಣಿಗೆ ಒತ್ತಿ, ಮಗನ ತಲೆಗಿಟ್ಟು, ದಾರವನ್ನು ಗದ್ದದ ಕೆಳಗೆ ತಂದು, ಕಿವಿಯ ಹಿಂದೆ ಸುತ್ತಿ ಕಟ್ಟಿದ. "ಬಿಗಿ ಆಯ್ತಾ?" ಎಂದು ಕೇಳಿದ. ರಮಾನಾಥ ತಲೆಯಾಡಿಸಿದ. ಕಿರೀಟ ಅಲುಗಲಿಲ್ಲ. ಅವನು ಬಗ್ಗಿ ಅಪ್ಪನ ಕಾಲು ಮುಟ್ಟಿದ. ಹೊಸದಾಗಿ ಪಾಲಿಶ್ ಹಾಕಿದ ಚಪ್ಪಲಿ. ಮುಟ್ಟಿದ ಬೆರಳಿಗೆ ಕಪ್ಪು ಬಂತು.

ಪರದೆ ಸರಿಯಿತು. ಬೆಳಕು ಬಿದ್ದು ಕಿರೀಟ ಝಗ್ಗೆಂದಿತು. ಹಾಲಿನಲ್ಲಿ ಒಂದು ಕ್ಷಣ ನಿಜವಾಗಿಯೇ ಸದ್ದಿಲ್ಲ. ಮೂರನೆಯ ಸಾಲಿನಲ್ಲಿ ದೂಜ, ಪಕ್ಕದಲ್ಲಿ ಐತ, ಇಬ್ಬರೂ ದೇವಸ್ಥಾನದಲ್ಲಿ ಕೂತವರಂತೆ ಕೂತಿದ್ದರು. ಬೇರೆ ಏನಾದರೂ ಮಾಡೋಣ ಎಂದು ರಮಾನಾಥನಿಗೆ ಅನ್ನಿಸಿತು. ಆದರೆ ಬೇರೆ ಏನೂ ಅವನಲ್ಲಿರಲಿಲ್ಲ. ಅಷ್ಟರಲ್ಲಿ ಹಿಂದಿನಿಂದ ಯಾರೋ "ರಮಾನಟ್! ಶುರು ಕರ್!" ಎಂದು ಕೂಗಿದರು. ಅವನ ಕೈ ತಾನಾಗಿ ಮೇಜಿಗೆ ಎರಡು ಸಲ ಬಡಿಯಿತು.

"ಆವೋ ಸೇಟ್, ಬೈಠೋ! ಯುದ್ಧ ಮಂಗ್ತಾ ಕಿ ಇಡ್ಲಿ ಮಂಗ್ತಾ? ಯುದ್ಧ ಅಬೀ ಥಂಡಾ ಹೈ. ಇಡ್ಲಿ ಗರಮ್ ಹೈ. ಮಾಲೂಮ್ ಉಂಟಾ?"

ಹಾಲು ಒಡೆದುಹೋಯಿತು. ಗುಜರಾತಿ ಹುಡುಗರು ಬೆಂಚು ಬಡಿದರು, ಮರಾಠಿ ಹುಡುಗಿಯರು ಸೆರಗು ಬಾಯಿಗಿಟ್ಟರು. ನಗು ಒಮ್ಮೆ ಹತ್ತಿದ ಮೇಲೆ ಅದು ಅವನನ್ನೇ ಎತ್ತಿಕೊಂಡು ಹೋಯಿತು. ಗಂಟಲು ಕೆರೆದ, ಹೆಗಲ ಮೇಲಿನ ಬಟ್ಟೆ ಕೊಡವಿದ, ಸೇನಾಪತಿಗೆ ನೀರು ಕೊಡಲು ಹೇಳಿದ, ಆನೆಗಳನ್ನು ಫ್ಯಾಮಿಲಿ ರೂಮಿಗೆ ಕಳಿಸಿದ. ನಡುವೆ ಒಮ್ಮೆ ಮೂರನೆಯ ಸಾಲು ಕಣ್ಣಿಗೆ ಬಿತ್ತು. ಐತನ ಮುಖದಲ್ಲಿ ಮೊದಲು ಇದ್ದ ನಗು ಈಗ ಇರಲಿಲ್ಲ; ಅವನು ಓರೆಗಣ್ಣಿನಿಂದ ದೂಜನನ್ನೇ ನೋಡುತ್ತಿದ್ದ. ದೂಜ ಮಾತ್ರ ಎಲ್ಲರಿಗಿಂತ ಜೋರಾಗಿ, ಕಣ್ಣೊರೆಸಿಕೊಂಡು, ನಗುತ್ತಿದ್ದ.

ಆ ನಗು ಕಂಡದ್ದೇ ರಮಾನಾಥ ಆ ಕಡೆ ನೋಡುವುದನ್ನು ಬಿಟ್ಟ. ಐಟಮ್ ಮುಗಿಸಿದ್ದು ಹೇಗೆಂದು ಅವನಿಗೆ ಆಮೇಲೆ ನೆನಪಾಗಲಿಲ್ಲ.

ಬಾಂದ್ರಾದಲ್ಲಿ ಲೋಕಲ್ ರೈಲು ಹತ್ತಿದಾಗ ದೀಪ ಹಚ್ಚುವ ಹೊತ್ತು. ಮೂವರಿಗೂ ಜಾಗ ಸಿಕ್ಕಿತು. ಕಿರೀಟ ದೂಜನ ತೊಡೆಯ ಮೇಲಿತ್ತು. ಖಾರ್ ಸ್ಟೇಷನ್ ದಾಟುವವರೆಗೆ ಅವನು ಅದರ ದಾರ ಬಿಡಿಸಿ ಸುತ್ತುತ್ತಿದ್ದ. ಆಮೇಲೆ ತುಳುವಿನಲ್ಲಿ, ತಗ್ಗಿದ ದನಿಯಲ್ಲಿ ಶುರು ಮಾಡಿದ.

"ನಾನು ತಿಳಿದದ್ದು ಬೇರೆ, ನೀನು ಮಾಡಿದ್ದು ಬೇರೆ. ಇರಲಿ, ಕಾಲೇಜಿನವರಿಗೆ ಅದೇ ಬೇಕಿರಬಹುದು. ನಗು ಬಂತು, ಸುಳ್ಳು ಯಾಕೆ ಹೇಳಬೇಕು? ಆದರೆ ಅನ್ನ ಕೊಡುವ ಹೋಟೆಲಿನ ಒಬ್ಬನನ್ನು ಹಿಡಿದು ಹಾಗೆ ಮಾಡುವುದಾ?"

ರಮಾನಾಥ ಕಾಲಿನ ಹೆಬ್ಬೆರಳನ್ನು ನೋಡುತ್ತಿದ್ದ. "ಅಪ್ಪ, ತಪ್ಪಾಯ್ತು…"

"ನನಗೆ ಯಾಕೆ ಹೇಳ್ತಿ? ಅವನಿಗೆ ಹೇಳು." ದೂಜ ಐತನ ಕಡೆಗೆ ಗದ್ದ ತೋರಿಸಿದ. "ಪಾಪ, ಅವ ಪಕ್ಕದಲ್ಲೇ ಕೂತಿದ್ದ. ನಗಲಿಕ್ಕೂ ಆಗದೆ ಅಳಲಿಕ್ಕೂ ಆಗದೆ. ನಾನು ನೋಡಿದೆ."

ರಮಾನಾಥ ತಲೆ ಎತ್ತಿದ.

"ಆ 'ಮಾಲೂಮ್ ಉಂಟಾ' ಅಂತ ಹೇಳಿದೆಯಲ್ಲ, ಆಗಲೇ ಗೊತ್ತಾಯಿತು ನನಗೆ, ಇದು ನಮ್ಮ ಐತನೇ ಅಂತ. ಹಿಂದಿ ಬಾರದಿದ್ದರೆ ಅದು ಅವನ ತಪ್ಪಾ? ಎಲ್ಲರಿಗೂ ನನ್ನ ಹಾಗೆ ಹಿಂದಿ ಬರ್ತದಾ? ನಾನು ಸೇಟುಗಳ ಹತ್ತಿರ ಮಾತಾಡಿ ಮಾತಾಡಿ ಕಲಿತೆ. ಅವ ಒಳಗೆ ಹೊರಗೆ ತಟ್ಟೆ ಹಿಡಿದು ಓಡುವವ."

ಗಾಡಿ ಕಟಕಟ ಎಂದು ಓಡುತ್ತಿತ್ತು. ರಮಾನಾಥ ಐತನ ಮುಖ ನೋಡಿದ. ಹೇಳಿಬಿಡು ಎಂದು ಬೇಡುವಂತೆಯೂ, ಹೇಳಬೇಡ ಎಂದು ಬೇಡುವಂತೆಯೂ ನೋಡಿದ. ಐತ ಕಿಟಕಿಯ ಸರಳು ಹಿಡಿದುಕೊಂಡ.

"ಹೌದು ದೂಜಣ್ಣ," ಎಂದ. "ನನ್ನದೇ ಅದು. ನಾನು ಮಾತಾಡುವುದೇ ಹಾಗೆ."

"ನೋಡು!" ಎಂದ ದೂಜ. "ಕಾಲು ಹಿಡಿ ಅವನದ್ದು. ಇಲ್ಲೇ."

ಲೋಕಲ್ಲಿನ ಜನರ ನಡುವೆ ಬಿ.ಎ. ಓದುವ ಹುಡುಗ ಬಗ್ಗಿದ. ಐತ ಎರಡೂ ಕಾಲುಗಳನ್ನು ಬೆಂಚಿನ ಕೆಳಗೆ ಎಳೆದುಕೊಂಡ. ರಮಾನಾಥನ ಕೈಗೆ ಸಿಕ್ಕಿದ್ದು ಸವೆದ ರಬ್ಬರ್ ಚಪ್ಪಲಿಯ ತುದಿ ಮಾತ್ರ. ಒಂದೇ ಸಂಜೆಯಲ್ಲಿ ಎರಡು ಜೋಡಿ ಕಾಲು ಮುಟ್ಟಿದ್ದಾಯಿತು. ಎರಡೂ ಸಲ ಸುಳ್ಳಿಗೆ. ಎದ್ದಾಗ ದೂಜ ಅವನ ಹಣೆ ನೋಡಿ, "ಎಂತ ಅದು ಕಪ್ಪು?" ಎಂದು ಕರವಸ್ತ್ರ ತೆಗೆದ. ಬೆವರಿಗೆ ಕಿರೀಟದ ಒಳಗಿನ ಪೇಪರಿನ ಶಾಯಿ ಹಣೆಗೆ ಹತ್ತಿತ್ತು, ಅಕ್ಷರಗಳೆಲ್ಲ ಉಲ್ಟಾ. ಉಳಿದವರ ಹಣೆಬರಹ ಯಾರಿಗೂ ಕಾಣುವುದಿಲ್ಲ. ಅವನದ್ದು ಥರ್ಡ್ ಕ್ಲಾಸ್ ಡಬ್ಬಿಗೆಲ್ಲ ಕಾಣುತ್ತಿತ್ತು. ದೂಜ ಉಗುಳು ಹಚ್ಚಿ, ಚಿಕ್ಕ ಮಗುವಿಗೆ ಒರೆಸಿದಂತೆ ಒರೆಸಿದ.

ಸಾಂತಾಕ್ರೂಜ್ ದಾಟಿತು. ಪಾರ್ಲೆ ಬರುತ್ತದೆಂದು ದೂಜ ಎದ್ದು, ಕಿರೀಟವನ್ನು ಎದೆಗೆ ಹಿಡಿದು ಬಾಗಿಲ ಕಡೆಗೆ ನಡೆದ. ಬಾಗಿಲಲ್ಲಿ ನಾಲ್ಕೈದು ಹುಡುಗರು ಜೋತುಬಿದ್ದಿದ್ದರು. ಅವರಲ್ಲಿ ಇಬ್ಬರು ಅದೇ ಕಾಲೇಜಿನವರು. ರಮಾನಾಥನಿಗೆ ಗುರುತು ಸಿಕ್ಕುವ ಹೊತ್ತಿಗೆ ದೂಜ ಗಂಟಲು ಕೆರೆದು, ಪಕ್ಕದ ಹಲಗೆಗೆ ಬೆರಳಿನಿಂದ ಎರಡು ಸಲ ಬಡಿದಾಗಿತ್ತು.

"ಏ ಭಾಯ್, ಜರಾ ಸರ್ಕೋ. ಪಾರ್ಲಾ ಆತಾ ಹೈ. ಕಿರೀಟಕೋ ಧಕ್ಕಾ ನಕ್ಕೋ. ನಾಜೂಕ್ ಹೈ, ಮಾಲೂಮ್ ಉಂಟಾ?"

ಹುಡುಗರು ಒಬ್ಬರ ಮುಖ ಒಬ್ಬರು ನೋಡಿದರು. ಒಬ್ಬ ಬಾಯಿಗೆ ಕೈ ಅಡ್ಡ ಹಿಡಿದ, ಇನ್ನೊಬ್ಬನಿಗೆ ತಡೆಯಲಾಗಲಿಲ್ಲ. "ಅರೇ ಬಾಪ್ ರೇ! ಯೇ ತೋ ವಹೀ…" ಎಂದು ದೂಜನ ಕಡೆಗೆ ಬೆರಳು ಎತ್ತಿದ. ದೂಜನೂ ಅರ್ಧ ನಗುತ್ತ, ತಮಾಷೆ ಎಲ್ಲಿದೆಯೆಂದು ಹಿಂದೆ ಮುಂದೆ ನೋಡಿದ.

ರಮಾನಾಥ ಅಪ್ಪನ ಕೈಯಿಂದ ಕಿರೀಟ ಕಸಿದುಕೊಂಡ. ಕಣ್ಣಿಗೆ ಒತ್ತಲಿಲ್ಲ, ಯಾರೂ ಕಟ್ಟಲಿಲ್ಲ. ತಲೆಗೆ ಓರೆಯಾಗಿ ಒತ್ತಿ, ಹುಡುಗರಿಗೂ ಅಪ್ಪನಿಗೂ ನಡುವೆ ನುಗ್ಗಿದ.

"ಹಾಂ ಸೇಟ್! ವಹೀ ಮೈ! ಉತರ್ನಾ ಮಂಗ್ತಾ ಕಿ ಚಢ್ನಾ ಮಂಗ್ತಾ? ಲೋಕಲ್ ಥಂಡಾ ಹೈ, ಇಡ್ಲಿ ಗರಮ್ ಹೈ! ಮಾಲೂಮ್ ಉಂಟಾ?"

"ಅರೇ, ರಮಾನಟ್!" ಹುಡುಗರು ಕೇಕೆ ಹಾಕಿದರು. "ವನ್ಸ್ ಮೋರ್!" ಬೆರಳು ಇಳಿಯಿತು, ನಗು ಅವನ ಮೇಲೆ ಬಿತ್ತು. ಅವನು ಗಂಟಲು ಕೆರೆದ, ಹಲಗೆ ಬಡಿದ, ಮತ್ತೆ ಕೆರೆದ. ಗಾಡಿ ನಿಲ್ಲುವವರೆಗೆ ನಿಲ್ಲಿಸಲಿಲ್ಲ.

ಪ್ಲಾಟ್‌ಫಾರ್ಮಿನಲ್ಲಿ ಇಳಿದದ್ದೇ ದೂಜ ಮಗನ ತಲೆಯಿಂದ ಕಿರೀಟ ತೆಗೆದ. ಒಂದು ಕಡೆ ಬೇಗಡೆ ಹರಿದಿತ್ತು. ಹರಿದಲ್ಲಿ ಇಂಗ್ಲಿಷ್ ಪೇಪರು ಕಾಣುತ್ತಿತ್ತು. ಅವನು ಬೈಯಲಿಲ್ಲ. ಹರಿದಲ್ಲಿಗೆ ಹೆಬ್ಬೆರಳು ಒತ್ತಿ ಹಿಡಿದ.

"ಈಗ ತಾನೇ ಅವನ ಕಾಲು ಮುಟ್ಟಿದ್ದಿ. ಅವನ ಎದುರೇ ಮತ್ತೆ ಮಾಡಿದಿ. ನಾಚಿಕೆ ಇಲ್ಲವಾ ನಿನಗೆ?"

"ಇಲ್ಲ ಅಪ್ಪ," ಎಂದ ರಮಾನಾಥ.

ದೂಜ ಒಂದು ಗಳಿಗೆ ಅವನನ್ನು ನೋಡಿ, ತಿರುಗಿ ನಡೆದುಬಿಟ್ಟ. ಐತನೂ ರಮಾನಾಥನೂ ಹಿಂದೆ ಉಳಿದರು. ಐತ ಅವನ ಜೊತೆ ಸ್ಟೇಷನ್ನಿನ ಮೆಟ್ಟಿಲು ಇಳಿದ. ಆಮೇಲೆ ಮೆಲ್ಲಗೆ ಕೇಳಿದ:

"ತಮ್ಮಾ, ನಾಳೆಯಿಂದ ಹೋಟೆಲಿನಲ್ಲಿ ನಾನು ಹಾಗೆಯೇ ಮಾತಾಡಬೇಕಲ್ಲ. ಇಲ್ಲದಿದ್ದರೆ ದೂಜಣ್ಣನಿಗೆ ಸಂಶಯ ಬರ್ತದೆ. ನನಗೆ ಅಷ್ಟು ಹಿಂದಿ ಎಲ್ಲಿ ಬರ್ತದೆ ಮಾರಾಯ? ಸ್ವಲ್ಪ ಹೇಳಿಕೊಡ್ತಿಯಾ?"

ರಮಾನಾಥ ಅಪ್ಪನ ಕಡೆ ನೋಡಿದ.

ಮುಂದೆ, ಟಾಂಗಾಗಳ ಸಾಲಿನ ನಡುವೆ, ದೂಜ ಕಿರೀಟವನ್ನು ಎರಡೂ ಕೈಯಲ್ಲಿ ಮೇಲೆತ್ತಿ ಹಿಡಿದುಕೊಂಡು ದಾರಿ ಮಾಡಿಕೊಳ್ಳುತ್ತಿದ್ದ. "ಏ ಟಾಂಗಾ, ಬಾಜೂ! ಬಾಜೂ ಹೋನಾ! ಹಾಥ್‌ಮೇ ಕಿರೀಟ ಹೈ, ಮಾಲೂಮ್ ಉಂಟಾ?"

ಐತ ಅವನನ್ನೇ ನೋಡುತ್ತ ನಡೆಯುತ್ತಿದ್ದ. ಅವನ ತುಟಿಗಳು ಸದ್ದಿಲ್ಲದೆ ಆ ಮಾತನ್ನು ಹಿಂಬಾಲಿಸುತ್ತಿದ್ದವು.