ಖಾಲಿ ಬಿಡಬಹುದು

ಪರದೆಯ ಮೇಲೆ ಮತ್ತೆ ಅದೇ ಸಾಲು. ಅನುಮತಿ ಇಲ್ಲ.

ಶಿವಶಂಕರ ಕುರ್ಚಿಯನ್ನು ಹಿಂದಕ್ಕೆ ತಳ್ಳಿದ. ತೊಂಬತ್ತೊಂಬತ್ತರ ಮಾರ್ಚಿ, ಪಾಂಡವಪುರದ ಗೊಬ್ಬರದಂಗಡಿಯ ಮಹಡಿಯ ಮೇಲಿನ ಕಂಪ್ಯೂಟರ್ ಆಫೀಸು, ಕೆಳಗೆ ಕಬ್ಬಿನ ಟ್ರಾಕ್ಟರುಗಳ ಸದ್ದು. ದಿನಾ ಮಧ್ಯಾಹ್ನ ಹನ್ನೆರಡಕ್ಕೆ ಇಲ್ಲಿನ ಕಂಪ್ಯೂಟರು ತಾನಾಗಿ ಫೋನು ಲೈನು ಹಿಡಿದು, ಬೆಂಗಳೂರಿನ ಕಂಪ್ಯೂಟರಿನ ಬಾಗಿಲು ತಟ್ಟಿ, ತಿದ್ದಿದ ಪ್ರೋಗ್ರಾಮುಗಳನ್ನು ಒಪ್ಪಿಸಿ ಬರಬೇಕು. ಅವನು ಕೂತು ಕಳಿಸಿದರೆ ಹೋಗುತ್ತಿತ್ತು. ಗಡಿಯಾರಕ್ಕೆ ಬಿಟ್ಟರೆ ಬಾಗಿಲು ತೆರೆಯುತ್ತಿರಲಿಲ್ಲ; ಈಗ ಬೆಳಿಗ್ಗೆ ಪರೀಕ್ಷೆಗೆಂದು ಬಿಟ್ಟಾಗಲೂ ಅಷ್ಟೇ.

“ಮೂರ್ ದಿನ ಆಯ್ತಲ್ರೀ,” ಎಂದರು ಮಾಲೀಕ ವಜೀರ್ ಪಾಷಾ. “ಇವತ್ತೂ ತಾನಾಗೇ ಓಗ್ನಿಲ್ಲ ಅಂದ್ರೆ ಬೆಂಗ್ಳೂರೋರು ಕೆಲ್ಸ ವಾಪಸ್ ಇಸ್ಕತಾರಂತೆ. ನಿಮ್ದೂ ಮುಗೀತು, ನಮ್ದೂ ಮುಗೀತು.”

“ಫೈಲಿನ ಪರ್ಮಿಷನ್ ಇರ್ಬೇಕು ಸಾರ್.”

“ನೆನ್ನೇನೂ ಅದೇ ಅಂದ್ರಿ.”

ಮೊನ್ನೆ ಫೋನು ಲೈನನ್ನು ಬೈದಿದ್ದ. ಕಾರಣ ಗೊತ್ತಿದ್ದೂ ಗೊತ್ತಿಲ್ಲದವನಂತೆ ಹುಡುಕುವುದರಲ್ಲಿ ಅವನಿಗೆ ಒಳ್ಳೆಯ ಅಭ್ಯಾಸವಿತ್ತು. ಮನೆಯಲ್ಲೂ ಅದೇ ನಡೆದಿತ್ತು.

ಬೆಂಗಳೂರಿನ ಬಾಗಿಲಿಗೆ ಅವನ ಕೀಲಿ ಒಂದು ಫೈಲು. ಅದಕ್ಕೊಂದು ಗುಟ್ಟಿನ ಮಾತು. ಕಂಪ್ಯೂಟರು ಕೇಳಿದಾಗ ಎದುರಿಗೆ ಕೂತವನು ಟೈಪು ಮಾಡಬೇಕು. ಗಡಿಯಾರ ಕೆಲಸ ಹಚ್ಚಿದಾಗ ಎದುರಿಗೆ ಯಾರಿರುತ್ತಾರೆ? ಗುಟ್ಟು ತೆಗೆದುಹಾಕುವುದು ಎರಡು ನಿಮಿಷದ ಕೆಲಸ. ಆ ಎರಡು ನಿಮಿಷಕ್ಕೆ ಅವನು ಮೂರು ದಿನ ಹೆದರಿದ್ದ.

ಗುಟ್ಟಿನ ಮಾತು ‘ಚಿನ್ನು’. ಎರಡು ವರ್ಷದ ಹಿಂದೆ ಜ್ವರದಲ್ಲಿ ಹೋದ ಮಗಳು. ಅಂದಿನಿಂದ ಅವನಾಗಲಿ, ಹೆಂಡತಿ ಸುನಿತಾ ಆಗಲಿ ಆ ಹೆಸರೆತ್ತಿರಲಿಲ್ಲ. ದಿನಕ್ಕೊಮ್ಮೆ, ಇಲ್ಲಿ, ಟೈಪು ಮಾಡಿದ ಅಕ್ಷರ ಕಾಣಿಸದ ಕಪ್ಪು ಪರದೆಯಲ್ಲಿ, ಅವನು ಅವಳನ್ನು ಕರೆಯುತ್ತಿದ್ದ. ಕರೆದರೆ ಬಾಗಿಲು ತೆರೆಯುತ್ತಿತ್ತು.

ಹನ್ನೊಂದೂವರೆಗೆ ತಮ್ಮ ಪಕ್ಕದ ಮನೆಯವರ ಫೋನಿನಿಂದ ಸುನಿತಾ ಕರೆ ಮಾಡಿದಳು.

“ಊಟಕ್ಕೆ ಬತ್ತೀರಾ?”

“ನೋಡ್ತೀನಿ. ಸುನಿತಾ...”

“ಏನು?”

ಆ ಹೆಸರಿನ ಮೊದಲ ಅಕ್ಷರದ ಗುಂಡಿಯ ಮೇಲೆ ಅವನ ಬೆರಳಿತ್ತು. “ಏನಿಲ್ಲ.”

“ಸರಿ,” ಎಂದಳು.

ಹನ್ನೆರಡಕ್ಕೆ ಐದು ನಿಮಿಷ. ಗುಟ್ಟಿನ ಮಾತು ಬದಲಿಸುವ ಆಜ್ಞೆ ಕೊಟ್ಟ. ಹಳೆಯ ಮಾತು ಏನೆಂದು ಕಂಪ್ಯೂಟರು ಕೇಳಿತು. ಒಂದೊಂದೇ ಅಕ್ಷರ ಒತ್ತಿದ. ಹೊಸ ಮಾತು? ಬೇಡವಾದರೆ ಖಾಲಿ ಬಿಡಬಹುದು. ಖಾಲಿ ಬಿಟ್ಟ. ಖಾತ್ರಿಗೆಂದು ಅದು ಇನ್ನೊಮ್ಮೆ ಕೇಳಿತು. ಇನ್ನೊಮ್ಮೆ ಖಾಲಿ ಬಿಟ್ಟ.

ಹನ್ನೆರಡಕ್ಕೆ ಮೋಡೆಮ್ಮು ಕಿರುಚಿತು. ಯಾರೂ ಯಾರನ್ನೂ ಏನೂ ಕೇಳಲಿಲ್ಲ. ಎಲ್ಲವೂ ತಲುಪಿತೆಂದು ಪರದೆ ಹೇಳಿತು.

“ಮಾಷಾ ಅಲ್ಲಾ!” ಪಾಷಾ ಅವನ ಬೆನ್ನು ತಟ್ಟಿದರು. “ಇನ್ಮೇಕೆ ನೀವ್ ಇಲ್ದಿದ್ರೂ ನಡೀತದೆ ಬುಡಿ.”

ಅವರು ಇಳಿದು ಹೋದ ಮೇಲೆ ಅವನು ತಾನೇ ಇನ್ನೊಮ್ಮೆ ಕಳಿಸಿ ನೋಡಿದ. ಕಂಪ್ಯೂಟರು ಕೇಳಲಿಲ್ಲ. ಕೇಳದಿದ್ದರೂ ಬೆರಳುಗಳು ಟೈಪು ಮಾಡಿದವು. ಈ ಸಲ ಅಕ್ಷರಗಳು ಬಚ್ಚಿಟ್ಟುಕೊಳ್ಳಲಿಲ್ಲ. ಕಪ್ಪಿನ ಮೇಲೆ ಬೆಳ್ಳಗೆ, ಒಂದರ ಪಕ್ಕ ಒಂದು ಬಂದು ನಿಂತವು. ಎರಡು ವರ್ಷದಲ್ಲಿ ಮೊದಲ ಸಲ ಅವನು ಆ ಹೆಸರನ್ನು ಕಣ್ಣಿನಿಂದ ನೋಡಿದ. ಎಂಟರ್ ಗುಂಡಿ ಒತ್ತಿದ. ಅದನ್ನೂ ಒಂದು ಆಜ್ಞೆಯೆಂದುಕೊಂಡು ಕಂಪ್ಯೂಟರು ಹುಡುಕಿತು.

ಚಿನ್ನು: ಸಿಗಲಿಲ್ಲ.

ಅದರ ಕೆಳಗೆ ಕರ್ಸರು ಮಿಣುಕುತ್ತ, ಮುಂದಿನ ಆಜ್ಞೆಗೆ ಕಾಯುತ್ತಿತ್ತು.