ನನ್ನ ಬೆನ್ನಿನ ಚೌಕ ಕಿಂಡಿ

ನಾನೊಂದು ಡಿಸ್ಕ್ ಪ್ಲೇಯರ್. ಕಾರ್ಖಾನೆಯಲ್ಲಿ ನನ್ನನ್ನು ಜೋಡಿಸಿದವರು ಮುಂದೆ ಡಿಸ್ಕ್ ಇಡುವ ತಟ್ಟೆಯನ್ನೂ, ಹಿಂದೆ ಇಂಟರ್ನೆಟ್ ವಯರಿಗೊಂದು ಚೌಕ ಕಿಂಡಿಯನ್ನೂ ಕೊಟ್ಟು ಕಳಿಸಿದರು. ತಟ್ಟೆಯನ್ನು ಎಲ್ಲರೂ ಬಳಸಿದರು, ಕಿಂಡಿಯತ್ತ ಯಾರೂ ತಿರುಗಿ ನೋಡಲಿಲ್ಲ. ನನಗೇನೂ ಬೇಸರವಿರಲಿಲ್ಲ. ನನ್ನ ಕೈಲಿ ಏನಾಗುತ್ತದೆಂದು ನನಗೆ ಗೊತ್ತಿತ್ತು.

ಮೊದಲು ಗದಗಿನ ದಸ್ತಗೀರನ ಸ್ಟುಡಿಯೋದಲ್ಲಿದ್ದೆ. ಊರಿನ ಅರ್ಧ ಮದುವೆಗಳು ನನ್ನ ಹೊಟ್ಟೆಯಲ್ಲಿ ಗರಗರ ತಿರುಗಿವೆ. ಪೆನ್‌ಡ್ರೈವ್ ಬಂದ ಮೇಲೆ ಅವನು ನನ್ನನ್ನು ಗೆಳೆಯ ಈರಣ್ಣನ ಮನೆಗೆ ಕೊಟ್ಟ. ಅಲ್ಲಿ ನಡೆಯುತ್ತಿದ್ದುದು ಈರಣ್ಣನ ತಾಯಿ ಶಿವಗಂಗವ್ವನ ಮಾತು. ಮೊಮ್ಮಗಳು ಕಸ್ತೂರಿ ಕುಸ್ತಿ ಕಲಿಯುತ್ತೇನೆಂದಾಗ ಓಣಿಯೆಲ್ಲ ಮೂಗು ಮುರಿದರೂ, ಬಾದಾಮಿ ಅರೆದು ಹಾಲಿಗೆ ಬೆರೆಸಿ ಕುಡಿಸಿದವಳು ಈಕೆಯೇ. ಆದರೆ ಹುಡುಗಿಯ ಒಂದು ಕುಸ್ತಿಯನ್ನೂ ಆಕೆ ಕಂಡಿರಲಿಲ್ಲ. ಮೊಣಕಾಲು ಪ್ರಯಾಣಕ್ಕೆ ಒಪ್ಪುತ್ತಿರಲಿಲ್ಲ, ಮೊಬೈಲಿನ ಪುಟ್ಟ ಪರದೆ ಕಣ್ಣಿಗೆ ಹತ್ತುತ್ತಿರಲಿಲ್ಲ.

ಕಸ್ತೂರಿ ದೆಹಲಿಯ ಕುಸ್ತಿ ಪಂದ್ಯಾವಳಿಯಲ್ಲಿ ಫೈನಲ್ ತಲುಪಿದಳು. ಮುದುಕಿ ಪಟ್ಟು ಹಿಡಿದಳು: "ಈ ಸಲ ನಾ ನೋಡಬೇಕಂದ್ರ ನೋಡಬೇಕು. ಟಿ.ವಿ.ಯೊಳಗ, ದೊಡ್ಡದಾಗಿ."

ಕುಸ್ತಿ ಬರುತ್ತಿದ್ದುದು ಇಂಟರ್ನೆಟ್ಟಿನಲ್ಲಿ ಮಾತ್ರ. ಟಿ.ವಿ. ಹಳೆಯದು, ಅದಕ್ಕೆ ಇಂಟರ್ನೆಟ್ಟಿನ ಗಂಧವೇ ಇಲ್ಲ. ಆಗ ದಸ್ತಗೀರನಿಗೆ ನನ್ನ ಕಿಂಡಿ ನೆನಪಾಯಿತು. ವಯರು ತಂದು ಒಂದು ತುದಿಯನ್ನು ಮನೆಯ ನೆಟ್ ಡಬ್ಬಿಗೆ, ಇನ್ನೊಂದನ್ನು ನನ್ನ ಬೆನ್ನಿಗೆ ಸಿಕ್ಕಿಸಿದ. ಕಿಂಡಿಯ ಪಕ್ಕದ ದೀಪ ಹತ್ತಲಿಲ್ಲ.

"ಇದು ಸತ್ತೈತೋ ಮಾರಾಯಾ, ಗುಜರಿಗೆ ಹಾಕೋಣು," ಎಂದ ಈರಣ್ಣ. ನನಗೆ ಮೈಯೆಲ್ಲ ಉರಿಯಿತು.

ದಸ್ತಗೀರ ಟಾರ್ಚ್ ಹಿಡಿದು ಇಣುಕಿ ನಕ್ಕ. "ಅವ್ವಾರ, ಎಷ್ಟ್ ಕುಂಕುಮ ತುಂಬೀರಿ ಇದರಾಗ?"

ಪ್ರತಿ ದಸರೆಯ ಖಂಡೇಪೂಜೆಗೂ ಶಿವಗಂಗವ್ವ ಮನೆಯ ಯಂತ್ರಗಳಿಗೆಲ್ಲ ಕುಂಕುಮ ಹಚ್ಚುತ್ತಿದ್ದಳು. ನನ್ನ ಸರದಿ ಬಂದಾಗ ಯಾವ ತೂತಿಗೂ ಅನ್ಯಾಯವಾಗಬಾರದೆಂದು ಎಣ್ಣೆಯಲ್ಲಿ ಕಲಸಿದ್ದನ್ನು ಒಳಗೂ ಒತ್ತುತ್ತಿದ್ದಳು. "ಪೂಜಿ ಮಾಡಿದ್ದೂ ತಪ್ಪೇನಪಾ?" ಎಂದು ಗದರಿದಳು. ಕುಸ್ತಿ ಆಗಲೇ ಶುರುವಾಗಿತ್ತು. ದಸ್ತಗೀರ ಹಳೆಯ ಟೂತ್‌ಬ್ರಷ್ಷಿನಿಂದ ಉಜ್ಜಿ ಉಜ್ಜಿ ತೆಗೆದು, ವಯರನ್ನು ಮತ್ತೆ ಒತ್ತಿದ. ಹಸಿರು ದೀಪ ಹತ್ತಿತು. ಪರದೆಯ ತುಂಬ ಕಸ್ತೂರಿ ಬಂದಳು.

ಎದುರಾಳಿ ಅವಳನ್ನು ಕೆಳಗೆ ಹಾಕಿ ಅದುಮುತ್ತಿದ್ದಳು. ಅಷ್ಟರಲ್ಲಿ ಈರಣ್ಣನ ಮೊಬೈಲ್ ಬಡಿದುಕೊಂಡಿತು. ಆ ಕಡೆಯಿಂದ ಕೋಚ್ ಕೂಗಿದರು: "ಗೆದ್ದಾಳ್ರೀ ನಿಮ್ಮ ಮಗಳು!" ಅಷ್ಟು ದೂರದ ಚಿತ್ರ ನನ್ನವರೆಗೆ ಬರಲು ನಿಮಿಷದಷ್ಟು ತಡ. ಈರಣ್ಣ ಕುಣಿಯತೊಡಗಿದ.

"ಸುಮ್ನ ಕುಂಡ್ರೋ!" ಎಂದಳು ಶಿವಗಂಗವ್ವ. "ಕೂಸು ಇನ್ನೂ ಕೆಳಗೈತಿ."

ಗೆದ್ದ ಸುದ್ದಿ ಕಿವಿಗೆ ಬಿದ್ದಿದ್ದರೂ ಆಕೆ ಸೆರಗು ಹಿಂಡುತ್ತ ಬೆವರುತ್ತಿದ್ದಳು. "ಏಳವ್ವಾ, ಏಳ... ನೆಲಕ್ಕ ಬೆನ್ನ ಹಚ್ಚಬ್ಯಾಡ..." ಕಸ್ತೂರಿ ಮೈ ತಿರುಚಿ, ಮೇಲೆದ್ದು, ಎದುರಾಳಿಯನ್ನು ಚಿತ್ ಮಾಡಿದಾಗಲೇ ಮುದುಕಿ ಉಸಿರು ಬಿಟ್ಟದ್ದು. ಆಮೇಲೆ ಜೋರಾಗಿ ಅತ್ತಳು.

ಈಗ ನನಗೆ ವಯಸ್ಸಾಗಿದೆ. ತಟ್ಟೆ ಹೊರಗೆ ಬರುವುದಿಲ್ಲ, ಕಪಾಟಿನ ಮೇಲೆ ಸುಮ್ಮನೆ ಕೂತಿದ್ದೇನೆ. ಮೊಬೈಲ್ ನನಗಿಂತ ಚುರುಕು, ಒಪ್ಪುತ್ತೇನೆ. ಗೆದ್ದ ಸುದ್ದಿಯನ್ನು ಮೊದಲು ತಂದದ್ದು ಅದೇ. ಆದರೆ ಮೊಮ್ಮಗಳು ಕೆಳಗೆ ಬಿದ್ದಿದ್ದಾಗ ಅಜ್ಜಿಯನ್ನು ಅವಳ ಪಕ್ಕದಲ್ಲಿ ಕೂರಿಸಿದವನು ನಾನು.