ಕರೆಂಟಿನ ಶ್ರುತಿ

ಮೇಘಾಳ ಗಿಟಾರು ಮಾರ್ಚ್ ತಿಂಗಳ ಒಂದು ಬೆಳಿಗ್ಗೆ ಇದ್ದಕ್ಕಿದ್ದಂತೆ ದನಿ ಕಳೆದುಕೊಂಡಿತು. ತಂತಿಗಳು ಸರಿಯಾಗಿದ್ದವು, ಆಂಪ್ಲಿಫೈಯರಿನ ಕೆಂಪು ದೀಪ ಉರಿಯುತ್ತಿತ್ತು. ಬೆರಳಾಡಿಸಿದರೆ ಮಾತ್ರ ಪಕ್ಕದಲ್ಲಿ ಕೂತವರಿಗಷ್ಟೇ ಕೇಳುವಂಥ ಟಿಣ್ ಟಿಣ್. ತಂತಿಯ ಅದಿರಾಟವನ್ನು ಕರೆಂಟಾಗಿ ಮಾಡಿ ಕಳಿಸುವ ಪಿಕಪ್ ಎಂಬ ಪುಟ್ಟ ಸುರುಳಿ ಅದರೊಳಗಿರುತ್ತದೆ. ಅದರ ತಾಮ್ರದ ಎಳೆ ಎಲ್ಲೋ ಹರಿದಿತ್ತು.

ಮೇಘಾಳಿಗೆ ಮೂವತ್ತೊಂದು ವರ್ಷ. ಏಕಸಂಬಿಯಲ್ಲಿ ತಾಯಿ ಸೋನಾಬಾಯಿಯ ಜೊತೆ ವಾಸ. ರಾಯಬಾಗದ ಬಸ್ ನಿಲ್ದಾಣದ ಎದುರಿನ ಆನ್‌ಲೈನ್ ಸೇವಾ ಕೇಂದ್ರದಲ್ಲಿ ಕೆಲಸ. ಟ್ರ್ಯಾಕ್ಟರಿನಿಂದ ಇಳಿದು ಬಂದ ರೈತರಿಗೆ ಪಹಣಿ ತೆಗೆದುಕೊಡುವುದು, ಅರ್ಜಿ ತುಂಬುವುದು, ಝೆರಾಕ್ಸ್ ಮಾಡುವುದು, ಇಡೀ ದಿನ ಇದೇ. ಅವಳ ಸ್ವಂತದ ಹೊತ್ತೆಂದರೆ ಬೆಳಗಿನ ಐದರಿಂದ ಏಳೂವರೆ. ಆ ಹೊತ್ತಿನಲ್ಲಿ ಗಿಟಾರಿನ ಒಂದೊಂದು ನಾದವನ್ನು ಲ್ಯಾಪ್‌ಟಾಪಿಗೆ ಇಳಿಸಿ, ಕತ್ತರಿಸಿ, ಹಿಂದುಮುಂದಾಗಿಸಿ, ನಿಧಾನ ಮಾಡಿ, ಒಂದರ ಮೇಲೊಂದು ಹಾಸಿ, ಮತ್ತೆ ಅದರ ಮೇಲೆ ತಾನು ನುಡಿಸುತ್ತಿದ್ದಳು. ಹೀಗೆ ಒಂಬತ್ತು ರಚನೆಗಳು ಆಗಿ, ಇಂಟರ್‌ನೆಟ್ಟಿಗೆ ಏರಿದ್ದವು. ಯಾವುದನ್ನೂ ಅರವತ್ತು ಜನಕ್ಕಿಂತ ಹೆಚ್ಚು ಕೇಳಿರಲಿಲ್ಲ.

"ಅದು ಯಾವ ಹಾಡ?" ಎಂದು ಸೋನಾಬಾಯಿ ಒಮ್ಮೆ ಕೇಳಿದ್ದಳು.

"ಹಾಡ ಅಲ್ಲವ್ವಾ. ಸಪ್ಪಳ."

"ಸಪ್ಪಳ ಮಾಡಾಕ ಇಷ್ಟ ನಸುಕಿನ್ಯಾಗ ಏಳಬೇಕೇನ?"

ಹತ್ತನೆಯ ರಚನೆ ಏಳು ತಿಂಗಳಿಂದ ಮುಂದೆ ಹೋಗದೆ ನಿಂತಿತ್ತು. ಕಾರಣ ಗುಂಯ್‌ಗುಡುವಿಕೆ. ಆಂಪ್ಲಿಫೈಯರಿಗೆ ಗಿಟಾರು ಜೋಡಿಸಿದ ಕೂಡಲೇ, ತಂತಿ ಮುಟ್ಟುವ ಮೊದಲೇ, ಒಂದು ಗುಂಯ್ ಸದ್ದು ಶುರುವಾಗುತ್ತಿತ್ತು. ಹಿಂದಿನ ರಚನೆಗಳು ಗದ್ದಲದವು, ಅವುಗಳಲ್ಲಿ ಅದು ಮುಚ್ಚಿಹೋಗಿತ್ತು. ಇದು ಮೆಲ್ಲಗಿನದು, ನಡುವೆ ಮೌನ ಬೇಡುವಂಥದ್ದು. ಅವಳು ಗಿಟಾರಿನ ಹೊಟ್ಟೆಗೆ ಅಡುಗೆಮನೆಯ ಅಲ್ಯೂಮಿನಿಯಂ ಹಾಳೆ ಅಂಟಿಸಿದಳು, ಹಿತ್ತಲಲ್ಲಿ ಪೈಪು ಹೂಳಿ ಅರ್ಥಿಂಗ್ ಕೊಟ್ಟಳು, ಮನೆಯ ಫ್ರಿಜ್ ಆರಿಸಿ ನುಡಿಸಿದಳು. ಫ್ರಿಜ್ ಆರಿಸಿದ ದಿನ ಹಾಲು ಒಡೆಯಿತು. ಗುಂಯ್ ಹೋಗಲಿಲ್ಲ. ಈಗ ಪಿಕಪ್ಪೇ ಹೋಗಿತ್ತು.

ಹೊಸದು ಪುಣೆಯಿಂದ ಬರಬೇಕಿತ್ತು, ಮೂರು ವಾರವಾಗುತ್ತದೆ ಎಂದರು. ಸೋನಾಬಾಯಿ ಸತ್ತ ಪಿಕಪ್ಪನ್ನು ಅಂಗೈಯಲ್ಲಿಟ್ಟು ತಿರುಗಿಸಿ ನೋಡಿದಳು.

"ಇದರಾಗ ತಂತಿ ಸುತ್ತ್ಯಾರಲ್ಲ. ಕುಡಚ್ಯಾಗ ದಸ್ತಗೀರ ಇಲ್ಲೇನ? ನಮ್ಮ ಬಾವಿ ಮೋಟರ ಮೂರ ಸಲ ಕಟ್ಟಿಕೊಟ್ಟಾನ."

ಭಾನುವಾರ ಮೇಘಾ ಗಿಟಾರನ್ನೂ ಬ್ಯಾಟರಿಯ ಮೇಲೆ ನಡೆಯುವ ಸಣ್ಣ ಸ್ಪೀಕರನ್ನೂ ಹೊತ್ತು, ರಾಯಬಾಗದಲ್ಲಿ ಬಸ್ಸು ಬದಲಿಸಿ ಕುಡಚಿಗೆ ಹೋದಳು. ಸುಟ್ಟ ಮೋಟಾರಿಗೆ ಹೊಸ ತಂತಿ ಸುತ್ತಿ ಕಟ್ಟುವ ದಸ್ತಗೀರನ ವೈಂಡಿಂಗ್ ಅಂಗಡಿ ರೈಲು ನಿಲ್ದಾಣದ ರಸ್ತೆಯಲ್ಲಿತ್ತು. ಅರವತ್ತು ದಾಟಿದ ಮನುಷ್ಯ. ಅವಳು ಹೋದಾಗ ಅವನು ಓಡುತ್ತಿದ್ದ ಮೋಟಾರೊಂದಕ್ಕೆ ಉದ್ದನೆಯ ಸ್ಕ್ರೂಡ್ರೈವರಿನ ತುದಿ ಒತ್ತಿ, ಹಿಡಿಕೆಯನ್ನು ಕಿವಿಗೆ ಹಚ್ಚಿಕೊಂಡು ಕಣ್ಣು ಮುಚ್ಚಿ ಕೂತಿದ್ದ. ಅವಳು ಕಾದಳು.

"ಬೇರಿಂಗ್ ಹೋಗೇತಿ," ಎಂದು ಯಾರಿಗೂ ಅಲ್ಲದಂತೆ ಹೇಳಿ ಅವನು ಕಣ್ಣು ಬಿಟ್ಟ. "ಏನ್ ತಂದೀಯವ್ವಾ?"

ಅವಳು ಪಿಕಪ್ ಕೊಟ್ಟಳು. ಅವನು ಕನ್ನಡಕ ಏರಿಸಿ ನೋಡಿದ.

"ಎಷ್ಟ ಸುತ್ತ?"

"ಎಂಟ ಸಾವಿರ ಅಂತ ಓದೇನ್ರಿ ಚಾಚಾ."

"ಎಂಟ ಸಾವಿರ!" ಅವನು ನಕ್ಕ. "ಇಷ್ಟ ಸಣ್ಣ ಮೋಟರ ನಾ ಕಟ್ಟೇ ಇಲ್ಲ. ಇದೇನ್ ತಿರಗತೈತೇನ?"

"ತಿರಗೂದಿಲ್ರಿ, ಕೇಳಿಸ್ಕೋತೈತಿ."

ಆ ಉತ್ತರ ಅವನಿಗೆ ಹಿಡಿಸಿತು. ಹಳೆಯ ರಿಲೇ ಸ್ವಿಚ್ಚೊಂದರ ಕೂದಲಿಗಿಂತ ಸಣ್ಣ ತಂತಿಯನ್ನು ಹುಡುಕಿ ತೆಗೆದು, ಕೈಯಿಂದ ತಿರುಗಿಸುವ ಯಂತ್ರಕ್ಕೆ ಪಿಕಪ್ ಸಿಕ್ಕಿಸಿದ. ತಂತಿ ಎರಡು ಸಲ ಹರಿಯಿತು. ಮೂರನೆಯ ಸಲ ಅವನು ಉಸಿರು ಬಿಗಿಹಿಡಿದು, ಬೆರಳ ತುದಿಯ ಎಳೆತದಲ್ಲೇ ಅಳತೆ ಕಾಯುತ್ತ, ಒಂದು ತಾಸು ಸುತ್ತಿದ. ಮೇಘಾ ಬೆಸುಗೆ ಹಾಕಿ, ತಂತಿ ಬಿಗಿದು, ಸ್ಪೀಕರಿಗೆ ಜೋಡಿಸಿದಳು. ಗಿಟಾರು ಮಾತಾಡಿತು. ಮೊದಲಿಗಿಂತ ದಪ್ಪ ದನಿ. ಅದರ ಜೊತೆಗೇ ಗುಂಯ್, ಅದೂ ಮೊದಲಿಗಿಂತ ದಪ್ಪ. ಅವಳ ಮುಖ ಇಳಿಯಿತು.

"ಯಾಕ? ಚೊಲೋ ಆಗಲಿಲ್ಲೇನ?"

"ಚೊಲೋ ಆಗೇತ್ರಿ. ಆದ್ರ ಈ ಗುಂಯ್ ಅನ್ನೂದು... ಇದನ್ನ ತಗಿಯಾಕ ಏಳ ತಿಂಗಳ ಆತ್ರಿ ಬಡದಾಡಾಕ ಹತ್ತಿ."

"ಅದು ಕರೆಂಟ ಅಲ್ಲೇನವ್ವಾ," ಎಂದ ದಸ್ತಗೀರ, ಮಗುವಿಗೆ ಹೇಳುವಂತೆ. "ಸುರಳಿ ಐತಿ, ಕರೆಂಟ ಐತಿ, ಕೇಳಸಬೇಕು. ಕೇಳಸಲಿಲ್ಲ ಅಂದ್ರ ನಂದು ತಪ್ಪ. ತಡಿ, ಇಲ್ಲಿ ಹಿಡಿ ನೋಡೂಣು."

ಅವನು ಬೇರಿಂಗ್ ಹೋಗಿದ್ದ ಮೋಟಾರಿನ ಸ್ವಿಚ್ ಹಾಕಿದ. ಅವಳು ಗಿಟಾರನ್ನು ಅದರ ಹತ್ತಿರ ಒಯ್ದಳು. ಸ್ಪೀಕರಿನಿಂದ ಗುಂಯ್ ಎದ್ದು ಬಂತು, ಅದರ ಮೇಲೆ ಸಣ್ಣಗೆ ಕರಕರ ಕೊರೆಯುವ ಇನ್ನೊಂದು ಸದ್ದು. ದಸ್ತಗೀರ ಸ್ಪೀಕರಿನ ಮುಂದೆ ಕುಕ್ಕರಗಾಲಲ್ಲಿ ಕೂತ. "ಅರೇ! ಬೇರಿಂಗ್! ಸ್ಕ್ರೂಡ್ರೈವರಿನ್ಯಾಗ ಕೇಳೂದು ಇದನ್ನ!" ಆಮೇಲೆ ಅವನೇ ಒಂದೊಂದಾಗಿ ಸ್ವಿಚ್ ಹಾಕುತ್ತ ಹೋದ. ಹಿಟ್ಟಿನ ಗಿರಣಿಯ ಮೋಟಾರು, ಟೇಬಲ್ ಫ್ಯಾನು, ಮಿಕ್ಸರು, ಯಾರೋ ಬಿಟ್ಟುಹೋದ ಬಾವಿ ಮೋಟಾರು. ಎಲ್ಲದರ ತಳದಲ್ಲೂ ಅದೇ ಒಂದು ಸ್ವರ. ಮೇಲಿನದಷ್ಟೇ ಬೇರೆ ಬೇರೆ.

ಮರಳುವ ಬಸ್ಸಿನಲ್ಲಿ ಮೇಘಾ ಆ ತಳದ ಸ್ವರವನ್ನು ಬಾಯಿ ಮುಚ್ಚಿ ಗುನುಗುತ್ತ ಕೂತಿದ್ದಳು. ಮನೆಗೆ ಬಂದು ಅಳೆದಾಗ ಅದು ಗಿಟಾರಿನ ಯಾವ ಸ್ವರಕ್ಕೂ ಕೂಡುವುದಿಲ್ಲವೆಂದು ತಿಳಿಯಿತು. ಎರಡು ಸ್ವರಗಳ ನಡುವಿನ ಬಿರುಕಿನಲ್ಲಿ ಅದು ಕೂತಿತ್ತು. ಇಷ್ಟು ದಿನ ಕಿವಿಗೆ ಚುಚ್ಚುತ್ತಿದ್ದುದು ಅದರ ಸದ್ದಲ್ಲ, ಗಿಟಾರಿನ ಜೊತೆ ಅದರ ಅಪಸ್ವರ. ಕರೆಂಟನ್ನು ತಿರುಗಿಸಲು ಬರುವುದಿಲ್ಲ, ಗಿಟಾರಿನ ತಂತಿ ಬಿಗಿಯುವ ಕಿವಿಗಳನ್ನು ತಿರುಗಿಸಬಹುದು. ಆರೂ ತಂತಿಗಳನ್ನು ಚೂರು ಚೂರೇ ಏರಿಸಿದಳು. ಮೂರನೆಯ ತಂತಿ ಗುಂಯ್‌ಗೆ ಹೋಗಿ ಕೂಡಿದಾಗ ಗುಂಯ್ ಕಾಣೆಯಾದಂತಾಯಿತು. ಅದು ಕಾಣೆಯಾಗಿರಲಿಲ್ಲ. ತಂಬೂರಿಯ ಹಾಗೆ ಹಿಂದೆ ಸರಿದು ನಿಂತಿತ್ತು.

ಏಳು ತಿಂಗಳ ಕೆಲಸವನ್ನು ಅವಳು ಬೇರೆ ಫೋಲ್ಡರಿಗೆ ಹಾಕಿ ಮೊದಲಿನಿಂದ ಶುರುಮಾಡಿದಳು. ಅಲ್ಯೂಮಿನಿಯಂ ಹಾಳೆ ಕಿತ್ತಳು. ನಾಲ್ಕು ಭಾನುವಾರ ಕುಡಚಿಗೆ ಹೋಗಿ ಮೋಟಾರುಗಳ ಸದ್ದನ್ನು ಲ್ಯಾಪ್‌ಟಾಪಿಗೆ ಇಳಿಸಿಕೊಂಡು ಬಂದಳು. ಹಳತು ರಿಪೇರಿಗೆ ಬಂದರೆ ದಸ್ತಗೀರ ತಾನೇ ಫೋನ್ ಮಾಡುತ್ತಿದ್ದ. "ಒಂದ ಬಂದೈತಿ ನೋಡವ್ವಾ, ದಮ್ಮಿನ ಮುದುಕನಂಗ ಉಸರ ಹಾಕತೈತಿ. ಕಟ್ಟೂದರೊಳಗ ಬಾ." ಹಾಗೆ ಬಂದವುಗಳಲ್ಲಿ ಅರ್ಧಕ್ಕರ್ಧ ಕೆಲಸಕ್ಕೆ ಬರಲಿಲ್ಲ. ಹತ್ತು ಸದ್ದು ಹಾಸಿ ನೋಡಿ ಏಳನ್ನು ತೆಗೆದಳು. ಮೂರು ಉಳಿದವು. ಗಿಟಾರಿನಲ್ಲಿ ಅವಳು ನುಡಿಸುವುದೂ ಕಡಿಮೆಯಾಗುತ್ತ ಬಂತು. ಜೂನ್ ಹೊತ್ತಿಗೆ ಹನ್ನೊಂದು ನಿಮಿಷದ ರಚನೆ ಸಿದ್ಧವಾಯಿತು.

ನಿಪ್ಪಾಣಿಯಲ್ಲಿ ಸುರಜ ಎಂಬವನು ಫೋಟೋ ಸ್ಟುಡಿಯೋ ನಡೆಸುತ್ತಿದ್ದ. ತಿಂಗಳಿಗೊಂದು ಭಾನುವಾರ ಸಂಜೆ ನಾಲ್ಕಕ್ಕೆ, ಸ್ಟುಡಿಯೋದ ಮೇಲಿನ ಹಾಲಿನಲ್ಲಿ ಇಪ್ಪತ್ತು ಮೂವತ್ತು ಜನರನ್ನು ಕೂಡಿಸಿ ಯಾರಿಂದಲಾದರೂ ನುಡಿಸುತ್ತಿದ್ದ. ಅವಳ ಹಿಂದಿನ ರಚನೆಯೊಂದನ್ನು ಕೇಳಿದ್ದ ಅರವತ್ತು ಜನರಲ್ಲಿ ಅವನೂ ಒಬ್ಬ. ಕರೆದ. ಮೇಘಾ ಅದುವರೆಗೆ ಜನರ ಮುಂದೆ ನುಡಿಸಿರಲಿಲ್ಲ. ಎರಡು ದಿನ ಯೋಚಿಸಿ ಒಪ್ಪಿದಳು. ದಸ್ತಗೀರ ಅಂಗಡಿ ಮುಚ್ಚಿ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದು ಎರಡನೆಯ ಸಾಲಿನಲ್ಲಿ ಕೂತ.

ನಾಲ್ಕನೆಯ ನಿಮಿಷಕ್ಕೆ ಕರೆಂಟು ಹೋಯಿತು.

ಲ್ಯಾಪ್‌ಟಾಪು ಬ್ಯಾಟರಿಯ ಮೇಲೆ ಓಡುತ್ತಲೇ ಇತ್ತು, ಆದರೆ ಆಂಪ್ಲಿಫೈಯರು ಸತ್ತಿತ್ತು. ಸುರಜ ಮೆಟ್ಟಿಲಿಳಿದು ಓಡಿದ. ಕೆಳಗೆ ಜನರೇಟರು ಕೆಮ್ಮಿ ಶುರುವಾಯಿತು, ಫ್ಯಾನುಗಳು ಸೋಮಾರಿಯಾಗಿ ತಿರುಗತೊಡಗಿದವು, ಆಂಪ್ಲಿಫೈಯರಿನ ದೀಪ ಹತ್ತಿತು. ಮೇಘಾ ತಂತಿ ಮೀಟಿದಳು. ಗುಂಯ್ ಕೆಳಗಿಳಿದಿತ್ತು. ಜನರೇಟರು ನಿಧಾನ ಓಡುತ್ತಿತ್ತು, ಅದರ ಕರೆಂಟಿನ ಸ್ವರವೂ ತಗ್ಗಿತ್ತು. ಲ್ಯಾಪ್‌ಟಾಪಿನೊಳಗಿನ ಕುಡಚಿಯ ಮೋಟಾರುಗಳು ಮಾತ್ರ ಹಳೆಯ ಶ್ರುತಿಯಲ್ಲೇ ಇದ್ದವು. ಎರಡೂ ಕೂಡಿ ಸದ್ದು ವೂಂ ವೂಂ ಎಂದು ಸೆಕೆಂಡಿಗೆ ಎರಡು ಸಲ ಉಬ್ಬಿ ತಗ್ಗುತ್ತಿತ್ತು.

ಅವಳ ಕೈ ನಿಂತಿತು. ಮುಂದಿನ ಸಾಲಿನಲ್ಲಿ ಯಾರೋ ಮೊಬೈಲ್ ತೆಗೆದರು. ಎದ್ದು ಕ್ಷಮೆ ಕೇಳಿ ಮುಗಿಸಿಬಿಡಬೇಕು ಎನ್ನಿಸಿತು. ದಸ್ತಗೀರನ ಕಡೆ ನೋಡಿದಳು. ಅವನು ಕಣ್ಣು ಮುಚ್ಚಿ, ತಲೆ ಒಂದು ಬದಿಗೆ ವಾಲಿಸಿ, ಬೆರಳಿನಿಂದ ಮೊಣಕಾಲ ಮೇಲೆ ಆ ಉಬ್ಬುತಗ್ಗಿಗೆ ಸರಿಯಾಗಿ ತಟ್ಟುತ್ತಿದ್ದ. ಅವನು ಜನರೇಟರಿನ ರೋಗ ಹುಡುಕುತ್ತಿದ್ದ ಅಷ್ಟೇ. ಆದರೆ ಅವಳಿಗೆ ಕಂಡದ್ದು ತಾಳ.

ಅವಳು ಮೂರನೆಯ ತಂತಿಯನ್ನು ಮುಟ್ಟದೆ ಬಿಟ್ಟು, ನಾಲ್ಕನೆಯದರ ಕಿವಿ ತಿರುಗಿಸಿ ಜನರೇಟರಿನ ಶ್ರುತಿಗೆ ಇಳಿಸಿದಳು. ಈಗ ಗಿಟಾರಿನಲ್ಲೇ ಎರಡು ಊರು, ಮೂರನೆಯ ತಂತಿ ಕುಡಚಿ, ನಾಲ್ಕನೆಯದು ನಿಪ್ಪಾಣಿ. ಎರಡನ್ನೂ ಸರದಿಯಂತೆ ಮೀಟುತ್ತ, ಉಬ್ಬಿದಾಗ ಬಿಟ್ಟು, ತಗ್ಗಿದಾಗ ತುಂಬುತ್ತ ಹೋದಳು. ಕೆಳಗೆ ಯಾರೋ ಚಹಾದ ಕರೆಂಟ್ ಕೆಟಲ್ ಹಚ್ಚಿದರು. ಜನರೇಟರು ಇನ್ನಷ್ಟು ಏದುಸಿರು ಬಿಟ್ಟಿತು, ಸ್ವರ ಮತ್ತೆ ಇಳಿಯಿತು, ತಾಳ ಜೋರಾಯಿತು. ಅವಳೂ ಕಿವಿ ತಿರುಗಿಸುತ್ತ ಬೆನ್ನು ಹತ್ತಿದಳು. ಹನ್ನೊಂದು ನಿಮಿಷದ್ದು ಹತ್ತೊಂಬತ್ತಾಯಿತು.

ನಡುವೆ ಐದಾರು ಜನ ಎದ್ದು ಹೋಗಿದ್ದರು. ಉಳಿದವರು ಚಪ್ಪಾಳೆ ತಟ್ಟಿದರು. ಲಗ್ನದ ವರಾತ ಮೆರವಣಿಗೆಗಳಲ್ಲಿ ಬೆಂಜೊ ನುಡಿಸುವ ಒಬ್ಬರು ಬಂದು ನಾಲ್ಕನೆಯ ತಂತಿಯನ್ನು ತಾವೇ ಮೀಟಿ ನೋಡಿ, ತಲೆಯಾಡಿಸಿ ಹೋದರು. ಸುರಜ ಕೈ ಮುಗಿಯುತ್ತ ಬಂದ. "ಮಾಫ್ ಮಾಡ್ರಿ ಮ್ಯಾಡಮ್, ಜನರೇಟರ ಕೈ ಕೊಡ್ತು."

"ಕೈ ಕೊಟ್ಟಿಲ್ಲ," ಎಂದ ದಸ್ತಗೀರ. "ಡೀಸೆಲ್ ಫಿಲ್ಟರ್ ಹೊಲಸಾಗೇತಿ. ಬದಲ ಮಾಡ್ಸು." ಆಮೇಲೆ ಮೇಘಾಳ ಕಡೆ ತಿರುಗಿ, "ಅದು ಇಳದಂಗ ನೀನೂ ಇಳದಿ ಅಲ್ಲ? ನಾ ಕೇಳಿದೆ," ಎಂದ.

ನಿಪ್ಪಾಣಿಯಲ್ಲಿ ನುಡಿಸಿದ್ದೆಲ್ಲ ಆಗಲೇ ರೆಕಾರ್ಡಾಗಿ ಲ್ಯಾಪ್‌ಟಾಪಿನಲ್ಲಿ ಉಳಿದಿತ್ತು. ಆ ವಾರವಿಡೀ ಅವಳು ಮನೆಯಲ್ಲಿ ಅದನ್ನೇ ಮತ್ತೆ ಕಟ್ಟಲು ನೋಡಿದಳು. ಲ್ಯಾಪ್‌ಟಾಪಿನಲ್ಲಿ ಎರಡು ಸ್ವರಗಳನ್ನು ಅಳೆದು ಇಟ್ಟರೆ ವೂಂ ವೂಂ ಬಂತು, ಆದರೆ ಒಂದೇ ಸಮನೆ, ಜೀವವಿಲ್ಲದೆ. ಕೊನೆಗೆ ನಿಪ್ಪಾಣಿಯದ್ದನ್ನೇ ಇಂಟರ್‌ನೆಟ್ಟಿಗೆ ಏರಿಸುವುದು, ಕೈ ನಿಂತ ನಲವತ್ತು ಸೆಕೆಂಡನ್ನು ಮಾತ್ರ ಕತ್ತರಿಸುವುದು ಎಂದು ನಿರ್ಧರಿಸಿದಳು.

ಕತ್ತರಿಸುವ ಮೊದಲು ಒಮ್ಮೆ ಪೂರ್ತಿ ಹಾಕಿದಳು. ಸೋನಾಬಾಯಿ ಶೇಂಗಾ ಸುಲಿಯುತ್ತ ಬಾಗಿಲ ಬಳಿ ಕೂತಿದ್ದಳು. ಯಾವತ್ತೂ ನಡುವೆಯೇ ಎದ್ದು ಹೋಗುವವಳು ಅವತ್ತು ಏಳಲಿಲ್ಲ. ಗಿಟಾರು ನಿಂತ ಜಾಗಕ್ಕೆ ಬಂದಾಗ ಅವಳ ಕೈಯೂ ನಿಂತಿತು.

"ಇಲ್ಲಿ ಅಂಜಿದ್ದಿ?"

"ಹ್ಞೂ ಅವ್ವಾ."

"ಗೊತ್ತಾಗತೈತಿ." ಸೋನಾಬಾಯಿ ಮತ್ತೆ ಶೇಂಗಾ ಕೈಗೆತ್ತಿಕೊಂಡಳು. "ಮುಂದ ಹಚ್ಚು, ಏನಾತು ನೋಡೂಣು."

ಮೇಘಾ ಮುಂದೆ ಹಚ್ಚಿದಳು. ಮುಗಿದ ಮೇಲೆ ಅವಳು ಏನನ್ನೂ ಕತ್ತರಿಸದೆ ಹತ್ತೊಂಬತ್ತು ನಿಮಿಷವನ್ನೂ ಇಂಟರ್‌ನೆಟ್ಟಿಗೆ ಏರಿಸಿ, ರಾಯಬಾಗದ ಬಸ್ಸು ತಪ್ಪುತ್ತದೆಂದು ಚಪ್ಪಲಿ ಮೆಟ್ಟಿ ಹೊರಟಳು.